ಫೇಡ್ ಕಟಿಂಗ್: ನಂಬರಿಗಿಂತ ಮೊದಲು ಎತ್ತರ ಗೊತ್ತುಮಾಡಿಕೊಳ್ಳಿ

ಬಳ್ಳಾರಿಯ ಕೌಲ್ ಬಜಾರಿರಲಿ, ಸಿಂಧನೂರು, ಗಂಗಾವತಿಯ ಬಸ್ ನಿಲ್ದಾಣದ ಎದುರಿನ ಸಾಲಿರಲಿ, ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತ ಹುಡುಗರು ಈಗ ಹೆಚ್ಚಾಗಿ ಕೇಳುವುದು ಫೇಡ್. ಕೇಳುವ ಬಗೆಯೂ ಬಹುತೇಕ ಒಂದೇ: ಮೊಬೈಲ್ ತೆಗೆದು ಯಾವನೋ ಆಟಗಾರನ ಚಿತ್ರ ತೋರಿಸಿ, ‘ಇದೇ ಥರ ಮಾಡ್ರಿ’ ಎನ್ನುತ್ತಾರೆ. ಆ ಚಿತ್ರದಲ್ಲಿರುವ ತಲೆಬುರುಡೆ ತಮ್ಮದಲ್ಲ ಎಂಬುದು ಹಲವರಿಗೆ ಹೊಳೆಯುವುದು ಮಷೀನ್ ಓಡಿದ ಮೇಲೆ.

ತಲೆಯ ಪಕ್ಕದ ಮತ್ತು ಹಿಂಬದಿಯ ಕೂದಲನ್ನು ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಗಿಡ್ಡ ಮಾಡುತ್ತ, ನಡುವೆ ಎಲ್ಲಿಯೂ ಗೆರೆ ಕಾಣದಂತೆ ಕರಗಿಸುವುದೇ ಫೇಡ್. ಅಮೆರಿಕದ ಸೈನಿಕರ ಗಿಡ್ಡ ಕ್ಷೌರದಿಂದ ಹೊರಟ ಈ ಬಗೆ ಅಲ್ಲಿನ ಕಪ್ಪುವರ್ಣೀಯ ಕ್ಷೌರಿಕರ ಕೈಯಲ್ಲಿ ಪಳಗಿ ಜಗತ್ತಿಗೆಲ್ಲ ಹಬ್ಬಿತು. ಇದರ ಹೆಸರುಗಳು ಹತ್ತಾರು ಇದ್ದರೂ ನೀವು ನಿಜವಾಗಿ ತೀರ್ಮಾನಿಸಬೇಕಾದ ಮೊದಲ ಸಂಗತಿ ಒಂದೇ: ಕೂದಲು ಕರಗುವುದು ತಲೆಯ ಯಾವ ಎತ್ತರದಿಂದ ಶುರುವಾಗಬೇಕು? ಕಿವಿಯ ಮೇಲೆ ಒಂದು ಬೆರಳಿನಷ್ಟರಲ್ಲೇ ಶುರುವಾದರೆ ಲೋ ಫೇಡ್, ಕಣತಲೆಯ ಮಟ್ಟದಲ್ಲಾದರೆ ಮಿಡ್, ಅದಕ್ಕೂ ಮೇಲಾದರೆ ಹೈ.

ಈ ಎತ್ತರವನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ಬಾಚಣಿಗೆಯೊಂದನ್ನು ಕಿವಿಯ ಮೇಲೆ ನೆಟ್ಟಗೆ ನಿಲ್ಲಿಸಿ ತಲೆಯ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಕೆಳಗೆ ಅದು ತಲೆಗೆ ಅಂಟಿಕೊಂಡಿರುತ್ತದೆ. ಮೇಲಕ್ಕೆ ಹೋದಂತೆ ಒಂದು ಕಡೆ ತಲೆ ಬಾಚಣಿಗೆಯನ್ನು ಬಿಟ್ಟು ನೆತ್ತಿಯತ್ತ ಬಾಗುತ್ತದೆ. ಬೆರಳಾಡಿಸಿದರೆ ಅಲ್ಲೊಂದು ಏಣು ಸಿಗುತ್ತದೆ. ತಲೆಯ ಅತಿ ಅಗಲವಾದ ಜಾಗ ಅದೇ. ಈ ಏಣಿನ ಕೆಳಗೆ ಕೂದಲು ತೆಗೆದಷ್ಟೂ ಮುಖ ತೆಳ್ಳಗೆ, ಉದ್ದಕ್ಕೆ ಕಾಣುತ್ತದೆ. ಏಣನ್ನೂ ದಾಟಿ ಮಷೀನ್ ಹತ್ತಿಸಿದರೆ ಅಗಲ ತಲೆಯವರಿಗೂ ತಲೆ ಮೊಟ್ಟೆಯಂತಾಗುತ್ತದೆ. ಹಾಗಾಗಿ ಹೈ ಫೇಡ್ ಎಂದರೂ ಏಣಿನ ಕೆಳಗೇ ನಿಲ್ಲಲಿ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹೆಜ್ಜೆಯಲ್ಲಿ ಇದನ್ನು ಮುಖಕ್ಕೆ ಹೊಂದಿಸಬೇಕು. ದುಂಡು ಮುಖದವರಿಗೆ ಪಕ್ಕದಲ್ಲಿ ಅಗಲ ಕಡಿಮೆಯಾಗಿ ಮೇಲೆ ಎತ್ತರ ಬೇಕು; ಅವರು ಮಿಡ್ ಅಥವಾ ಹೈ ಮಾಡಿಸಿ, ಮೇಲಿನ ಕೂದಲನ್ನು ಮೂರು ಬೆರಳಗಲ ಬಿಡಿಸಿಕೊಂಡರೆ ಒಪ್ಪುತ್ತದೆ. ಉದ್ದ ಮುಖದವರದು ಇದಕ್ಕೆ ತದ್ವಿರುದ್ಧ. ಪಕ್ಕವನ್ನು ಬೋಳಿಸಿ ಮೇಲೆ ಎತ್ತರ ಕಟ್ಟಿದರೆ ಮುಖ ಇನ್ನಷ್ಟು ಉದ್ದವಾಗುವುದರಿಂದ ಅವರಿಗೆ ಲೋ ಫೇಡ್ ಮತ್ತು ಹಣೆಯ ಮೇಲೆ ಸ್ವಲ್ಪ ಇಳಿಬಿದ್ದ ಕೂದಲೇ ಸರಿ. ದವಡೆ ಅಗಲವಾಗಿದ್ದು ಹಣೆ ಕಿರಿದಾಗಿರುವವರು ಕಣತಲೆಯ ಬಳಿ ಕೂದಲು ಉಳಿಸಿಕೊಳ್ಳಲಿ. ಚೌಕ ಮುಖಕ್ಕೆ ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತದೆ.

ಕೂದಲು ತೆಳುವಾಗುತ್ತಿದೆ ಎಂಬ ಚಿಂತೆಯುಳ್ಳವರು ಪಕ್ಕದಲ್ಲಿ ದಟ್ಟವಾಗಿ ಬಿಟ್ಟುಕೊಂಡು ಕೊರತೆ ಮುಚ್ಚಲು ನೋಡುತ್ತಾರೆ. ಅದು ತಿರುಗುಬಾಣವಾಗುತ್ತದೆ: ಪಕ್ಕ ದಟ್ಟವಾದಷ್ಟೂ ನೆತ್ತಿ ಬರಿದಾಗಿ ಕಾಣುತ್ತದೆ. ಪಕ್ಕವನ್ನು ಗಿಡ್ಡ ಮಾಡಿಸಿದರೆ ಮೇಲಿರುವ ಕೂದಲೇ ಹೆಚ್ಚೆನಿಸುತ್ತದೆ. ಆದರೆ ಹಣೆಯ ಅಂಚನ್ನು ಬ್ಲೇಡಿನಿಂದ ಗೆರೆ ಹೊಡೆದಂತೆ ಕೊರೆಸಿಕೊಳ್ಳುವುದು ಅವರಿಗೆ ಬೇಡ. ಇರುವ ಅಂಚೂ ಹಿಂದಕ್ಕೆ ಸರಿದಂತೆ ಕಾಣುತ್ತದೆ.

ಮೂರನೆಯದಾಗಿ ಸುಳಿ ಮತ್ತು ಗಾಯದ ಕಲೆಗಳನ್ನು ಹುಡುಕಿಕೊಳ್ಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಮ್ಮ ಕಡೆಯ ಹಿರಿಯರು ನಗುತ್ತಾರೆ. ಮದುವೆಯ ಮಾತು ಹೇಗೇ ಇರಲಿ, ಸುಳಿಯ ಮೇಲೆ ಕೂದಲು ತೀರ ಗಿಡ್ಡವಾದರೆ ಅದು ಮುಳ್ಳಿನಂತೆ ಎದ್ದು ನಿಲ್ಲುವುದಂತೂ ನಿಜ. ಸುಳಿ ತೀರ ಕೆಳಗಿದ್ದರೆ ಹಿಂಬದಿಯ ಫೇಡನ್ನು ಅದಕ್ಕೂ ಕೆಳಗೇ ನಿಲ್ಲಿಸಲು ಹೇಳಬೇಕು. ಕಲೆಯ ವಿಚಾರದಲ್ಲಿ ನಾನೇ ಪಾಠ ಕಲಿತವನು. ಗೆಳೆಯನ ಮದುವೆಗೆ ಎರಡು ದಿನ ಮುಂಚೆ ಹೈ ಫೇಡ್ ಮಾಡಿಸಿಕೊಂಡಾಗ, ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಎಡಗಿವಿಯ ಹಿಂದೆ ಆದ ಎರಡು ಬೆರಳುದ್ದದ ಕಲೆ ಬೆಳ್ಳಗೆ ಹೊರಬಂತು. ಅಕ್ಷತೆಯ ಫೋಟೊಗಳಲ್ಲೆಲ್ಲ ಅದೇ ಎದ್ದು ಕಾಣುತ್ತಿದೆ.

ಇಷ್ಟಾದ ಮೇಲೆ ನಂಬರಿನ ಮಾತು. ಮಷೀನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಗಾರ್ಡುಗಳಲ್ಲಿ ಒಂದನೇ ನಂಬರು ಸುಮಾರು 3 ಮಿಲಿಮೀಟರ್ ಕೂದಲು ಬಿಡುತ್ತದೆ, ಎರಡನೆಯದು 6, ಮೂರನೆಯದು 10, ನಾಲ್ಕನೆಯದು 13. ಅರ್ಧ ನಂಬರೆಂದರೆ 1.5 ಮಿಲಿಮೀಟರ್. ನಮ್ಮಲ್ಲಿ ಹೆಚ್ಚಿನವರ ಕೂದಲು ಕಪ್ಪು, ದಪ್ಪ, ನೇರ. ಆದ್ದರಿಂದ ಎರಡರಿಂದ ನೇರವಾಗಿ ಜೀರೋಗೆ, ಅಂದರೆ ಗಾರ್ಡಿಲ್ಲದ ಮಷೀನಿಗೆ, ಇಳಿದರೆ ನಡುವೆ ಕಪ್ಪು ಪಟ್ಟಿಯೊಂದು ಉಳಿದುಬಿಡುತ್ತದೆ. ಒಳ್ಳೆಯ ಕೈಯವರು ಒಂದು, ಅರ್ಧ ಎಂದು ಇಳಿಯುತ್ತ, ಮಷೀನಿನ ಪಕ್ಕದಲ್ಲಿರುವ ಪುಟ್ಟ ಲಿವರನ್ನು ಹೆಬ್ಬೆರಳಿನಿಂದ ತೆರೆದು ಮುಚ್ಚುತ್ತ ಆ ಪಟ್ಟಿಯನ್ನು ಅಳಿಸುತ್ತಾರೆ. ಕ್ಷೌರಿಕರ ಹೆಬ್ಬೆರಳು ಒಮ್ಮೆಯೂ ಅಲುಗದಿದ್ದರೆ ಸ್ವಲ್ಪ ಅನುಮಾನ ಪಡಬಹುದು.

ಕುರ್ಚಿಯಲ್ಲಿ ಕೂರುವ ದಿನ ತಲೆಗೆ ಎಣ್ಣೆ ಹಚ್ಚಿರಬಾರದು. ಎಣ್ಣೆಗೂದಲು ಅಂಟಿಕೊಂಡು ನಿಜವಾದ ಉದ್ದ ಗೊತ್ತಾಗುವುದಿಲ್ಲ, ಮಷೀನೂ ಎಳೆಯುತ್ತದೆ. ಹೆಲ್ಮೆಟ್ ತೆಗೆದ ಕೂಡಲೇ ಕೂರುವುದೂ ಬೇಡ. ಚಿತ್ರ ತೋರಿಸುವುದಾದರೆ ಮುಂದಿನದಲ್ಲದೆ ಪಕ್ಕದ್ದು, ಹಿಂದಿನದು ತೋರಿಸಿ, ಜೊತೆಗೆ ಬಾಯಿಬಿಟ್ಟು ಹೇಳಿ: ‘ಅಣ್ಣಾರ, ಲೋ ಫೇಡ್ ಮಾಡ್ರಿ. ಪಕ್ಕಕ್ಕ ಎರಡು, ಕೆಳಗ ಅರ್ಧಕ್ಕ ಇಳಸ್ರಿ. ಮ್ಯಾಲ ಕತ್ತರಿ ಅಷ್ಟ ಸಾಕು.’ ಎತ್ತರದ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಲೋದಿಂದಲೇ ಶುರುಮಾಡಿಸಿ. ಸಾಲದೆನಿಸಿದರೆ ಅಲ್ಲೇ ಇನ್ನೊಂದು ಬೆರಳು ಮೇಲಕ್ಕೆ ಏರಿಸಬಹುದು. ಏರಿದ್ದನ್ನು ಇಳಿಸಲು ತಿಂಗಳು ಕಾಯಬೇಕು. ಗಡ್ಡ ಬಿಟ್ಟವರು ಕಿವಿಯ ಮುಂದಿನ ಕೂದಲು ಗಡ್ಡಕ್ಕೆ ಹೇಗೆ ಸೇರಬೇಕೆಂಬುದನ್ನೂ ಆಗಲೇ ತೀರ್ಮಾನಿಸಿಕೊಳ್ಳಲಿ. ಅಂಚಿಗೆ ಬ್ಲೇಡ್ ಹಾಕುವ ಮುನ್ನ ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಬಿಚ್ಚುವಂತೆ ಕೇಳಲು ಸಂಕೋಚ ಬೇಡ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಅಂಥ ಕಾಯಿಲೆಗಳಿಗೆ ಬಳಸಿದ ಬ್ಲೇಡೂ ಒಂದು ದಾರಿ.

ಚರ್ಮ ಕಾಣುವಷ್ಟು ಬೋಳಿಸುವ ಸ್ಕಿನ್ ಫೇಡನ್ನು ಏಪ್ರಿಲ್-ಮೇ ತಿಂಗಳಲ್ಲಿ ಮಾಡಿಸುವವರು ಒಂದು ಮಾತು ಯೋಚಿಸಬೇಕು. ರಾಯಚೂರು, ಬಳ್ಳಾರಿಗಳಲ್ಲಿ ಆಗ ಬಿಸಿಲು 40 ಡಿಗ್ರಿ ದಾಟುತ್ತದೆ. ವರ್ಷವಿಡೀ ಕೂದಲ ನೆರಳಿನಲ್ಲಿದ್ದ ಚರ್ಮ ಮುಖಕ್ಕಿಂತ ಬೆಳ್ಳಗಿರುತ್ತದೆ, ಉರಿಯುವುದೂ ಬೇಗ. ಟೋಪಿಯನ್ನೋ ಸನ್‌ಸ್ಕ್ರೀನನ್ನೋ ಜೊತೆಗಿಟ್ಟುಕೊಳ್ಳಬೇಕು. ಹೊಲದಲ್ಲೋ ಬೈಕಿನ ಮೇಲೋ ದಿನ ಕಳೆಯುವವರಿಗೆ ಕಿವಿ ಮತ್ತು ಕತ್ತಿನ ಬುಡದಲ್ಲಷ್ಟೇ ಇಳಿಸುವ ಟೇಪರ್ ಸಾಕು.

ಕೊನೆಗೆ ನಿಮ್ಮ ಬಿಡುವನ್ನೂ ಜೇಬನ್ನೂ ಲೆಕ್ಕ ಹಾಕಿ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಅಂದರೆ ವಾರಕ್ಕೆ ಸುಮಾರು 2.5 ಮಿಲಿಮೀಟರ್ ಬೆಳೆಯುತ್ತದೆ. ಅರ್ಧ ನಂಬರಿನ ಜಾಗ ಒಂದೇ ವಾರದಲ್ಲಿ 4 ಮಿಲಿಮೀಟರ್ ಆಗಿ ಒಂದನೇ ನಂಬರನ್ನು ದಾಟುತ್ತದೆ. ಹೀಗಾಗಿ ಸ್ಕಿನ್ ಫೇಡ್ ಎರಡು ವಾರದಲ್ಲಿ ಮಾಸುತ್ತದೆ, ಲೋ ಫೇಡ್ ಮೂರು-ನಾಲ್ಕು ವಾರ ನಡೆಯುತ್ತದೆ. ನಡುವೆ ಪಕ್ಕವನ್ನಷ್ಟೇ ತಿದ್ದಿಸಿಕೊಳ್ಳುವವರು ಭಾನುವಾರದ ಗದ್ದಲ ತಪ್ಪಿಸಲಿ. ಮಂಗಳವಾರ ಬಹಳಷ್ಟು ಶಾಪುಗಳ ಬಾಗಿಲು ಮುಚ್ಚಿರುವುದರಿಂದ ಬುಧವಾರ ಮಧ್ಯಾಹ್ನ ಹೋದರೆ ಕ್ಷೌರಿಕರಿಗೂ ನಿಧಾನವಾಗಿ ಕೈಯಾಡಿಸಲು ಪುರಸೊತ್ತಿರುತ್ತದೆ.