ಟ್ರ್ಯಾಕ್ಟರ್ ಲೋಡರ್ ಬಕೆಟ್‌ಗೆ ಹಲ್ಲು ಕೂರಿಸಿದ್ದು: ಮೂರನೇ ಸಲಕ್ಕೆ ಕೈ ಹಿಡಿದ ಕಥೆ

ಹೋದ ಬೇಸಿಗೆಲಿ ನನ್ನ 45 ಎಚ್‌ಪಿ ಟ್ರ್ಯಾಕ್ಟರ್ ಲೋಡರ್‌ನಲ್ಲೇ ಹತ್ತತ್ರ 220 ಟ್ರೈಲಿ ಕೆರೆ ಗೋಡು, ಅಂದ್ರೆ ಕೆರೆ ತಳದ ಹೂಳು ಮಣ್ಣು, ತುಂಬಿದೀನಿ, ಒಂದೇ ಒಂದು ಗಂಟೆ ಜೆಸಿಬಿ ಕರೆಸಿಲ್ಲ. ಇದನ್ನ ಮೊದಲೇ ಹೇಳ್ತಿದೀನಿ ಯಾಕಂದ್ರೆ ಬಕೆಟ್‌ಗೆ ಹಲ್ಲು ಹಾಕ್ತೀನಿ ಅಂದಾಗ ನಮ್ಮ ಹೊಳಲ್ಕೆರೆ ಕಡೆ ಒಬ್ಬರೂ ಆಗುತ್ತೆ ಅಂದವ್ರಿಲ್ಲ. ವೆಲ್ಡಿಂಗ್ ಶಾಪ್‌ನವ್ರು "ಅಣ್ಣ, ನಿಮ್ದು ಜೆಸಿಬಿ ಅಲ್ಲ, ಗೊಬ್ಬರ ತುಂಬೋ ಬಕೆಟ್ ಅದು" ಅಂದ್ರು. ನಮ್ಮ ದೊಡ್ಡ ಮಾವ ಅಂತೂ "ಮುಂದಿನ ಆಕ್ಸಲ್ ಮುರ್ಕೊಂಡು ಮನೆಗೆ ಬರ್ತೀಯ ನೋಡು" ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಈಗ ಅದೇ ಮಾವನ ಮಗ ನನ್ನ ಹತ್ರ ಅಂಥದ್ದೇ ಒಂದು ಮಾಡಿಸ್ಕೊಂಡು ಹೋಗಿದಾನೆ.

ಲೋಡರ್ ಇರೋರಿಗೆಲ್ಲ ಈ ಕಷ್ಟ ಗೊತ್ತಿರುತ್ತೆ. ತಿಪ್ಪೆ ಗೊಬ್ಬರ, ಮರಳು, ಸಡಿಲ ಮಣ್ಣು ಏನೇ ಕೊಟ್ರೂ ಬಕೆಟ್ ಎತ್ತುತ್ತೆ, ಆದ್ರೆ ಗಟ್ಟಿ ನೆಲಕ್ಕೆ ಕೊಟ್ರೆ ಸಪಾಟು ಅಂಚು ಮೇಲೆ ಜಾರ್ಕೊಂಡು ಹೋಗುತ್ತೆ, ಜೋರಾಗಿ ಒತ್ತಿದ್ರೆ ಮುಂದಿನ ಗಾಲಿ ಎದ್ದು ಹಿಂದಿನ ಗಾಲಿ ಸುತ್ತೋಕೆ ಶುರು ಮಾಡುತ್ತೆ. ಕೆರೆ ಗೋಡು ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ ಅಂಗೈ ಅಗಲ ಬಿರುಕು ಬಿಟ್ಟಿರುತ್ತಲ್ಲ, ನೋಡೋಕೆ ಸಡಿಲ ಅನ್ಸುತ್ತೆ, ಬಕೆಟ್ ಕೊಟ್ರೆ ಕಲ್ಲಿನ ಹಾಗೆ ಗಟ್ಟಿ. ಹಲ್ಲಿಲ್ಲದೆ ನಾನು ಒಂದು ಟ್ರೈಲಿ ತುಂಬೋಕೆ 35-40 ನಿಮಿಷ ತಗೊಳ್ತಿದ್ದೆ, ಅದೂ ಅರ್ಧರ್ಧ ಬಕೆಟ್ ತರ ಇಪ್ಪತ್ತು ಸಲ ಹಿಂದೆ ಮುಂದೆ ಓಡಾಡಿ, ಕ್ಲಚ್ ವಾಸನೆ ಬರೋ ತನಕ.

ಹಾಗಾದ್ರೆ ಜೆಸಿಬಿನೇ ಕರೆಸ್ಬಹುದಲ್ಲ ಅಂತೀರಾ, ಅಲ್ಲೇ ಇರೋದು ದುಡ್ಡಿನ ವಿಷ್ಯ. ಜೆಸಿಬಿ ಒಂದು ಟ್ರೈಲಿನ ಮೂರು ನಾಲ್ಕು ನಿಮಿಷದಲ್ಲಿ ತುಂಬಿ ಬಿಸಾಕುತ್ತೆ, ನಿಜ. ಆದ್ರೆ ನನ್ನ ಹತ್ರ ಓಡೋದು ಎರಡೇ ಟ್ರೈಲಿ, ತೋಟ ಕೆರೆಯಿಂದ ಎರಡು ಕಿಲೋಮೀಟರ್ ಮೇಲಿದೆ, ಹೋಗಿ ಸುರಿದು ಬರೋ ತನಕ ಜೆಸಿಬಿ ನಿಂತಿರುತ್ತೆ, ಬಾಡಿಗೆ ಮಾತ್ರ ಓಡ್ತಿರುತ್ತೆ. ಗಂಟೆಗೆ 1200 ಕೊಟ್ಟು ನಾಲ್ಕು ಲೋಡ್ ಬಂದ್ರೆ ಹೆಚ್ಚು. ಜೊತೆಗೆ ಸಣ್ಣ ಕೆಲಸ ಅಂದ್ರೆ ಅವ್ರು ಬರೋದೂ ಇಲ್ಲ, ನಾಳೆ ನಾಡಿದ್ದು ಅಂತ ಮಳೆ ಬರೋ ತನಕ ತಳ್ತಾರೆ. ಎರಡು ವರ್ಷ ಹಿಂಗೇ ಆಗಿ, ಗೋಡಿಲ್ಲದೆ ಅಡಿಕೆ ಬುಡ ಬೇರು ಬಿಟ್ಕೊಂಡು ಕೂತಿದ್ದು ನೋಡಿದ್ಮೇಲೆ ನನಗೆ ಹಠ ಬಂತು.

ಮೊದಲ್ನೇ ಸಲ ಮಾಡಿದ್ದು ಎಲ್ಲರೂ ಮಾಡೋದೇ. ಗುಜರಿಲಿ ಲಾರಿ ಕಮಾನ್ ಪಟ್ಟಿ ತಂದು, ಗೇಣುದ್ದ ಕತ್ತರಿಸಿ, ತುದಿ ಚೂಪು ಮಾಡಿ, ಬಕೆಟ್ ಅಂಚಿಗೆ ನೇರವಾಗಿ ವೆಲ್ಡ್ ಹೊಡೆಸ್ದೆ, ಮಾಮೂಲಿ ರಾಡ್‌ನಲ್ಲಿ. ನೋಡೋಕೆ ಚೆನ್ನಾಗಿತ್ತು. ಎರಡನೇ ದಿನಕ್ಕೆ ಒಂದು ಹಲ್ಲು ಟಪ್ ಅಂತ ಹಾರಿ ಹೋಯ್ತು, ವೆಲ್ಡ್ ಬಿಟ್ಟಿರ್ಲಿಲ್ಲ, ವೆಲ್ಡ್ ಪಕ್ಕದಲ್ಲೇ ಗಾಜು ಮುರಿದ ಹಾಗೆ ಮುರಿದಿತ್ತು. ಸ್ಪ್ರಿಂಗ್ ಕಬ್ಬಿಣ ಕಾಸಿ ಬೇಗ ತಣ್ಣಗಾದ್ರೆ ಆ ಜಾಗದಲ್ಲಿ ಪುಟ್ಟಂಪುಡಿ ಆಗೋ ಅಷ್ಟು ಬಿರುಸಾಗಿಬಿಡುತ್ತೆ. ವಾರದಲ್ಲಿ ಏಳರಲ್ಲಿ ನಾಲ್ಕು ಹೋದ್ವು. ಅದಕ್ಕಿಂತ ದೊಡ್ಡ ನಷ್ಟ ಅಂದ್ರೆ ಬಕೆಟ್ ಅಂಚೇ ಎರಡು ಕಡೆ ಸೀಳು ಬಿಡ್ತು. ಗೊಬ್ಬರ ತುಂಬೋಕೆ ಕೊಟ್ಟಿಗೆ ಕಾಂಕ್ರೀಟ್ ಮೇಲೆ ಹೋದ್ರೆ ಉಳಿದ ಮೂರು ಹಲ್ಲು ನೆಲ ಕೆರೆದು ಹಾಕಿದ್ವು, ಮನೇಲಿ ಅದಕ್ಕೂ ಬೈಸ್ಕೊಂಡೆ. ಹಲ್ಲು ಕತ್ತರಿಸಿ ತೆಗೆದು, ಸೀಳು ಮುಚ್ಚಿಸೋದಕ್ಕೆಲ್ಲ ಸೇರಿ ಎರಡೂವರೆ ಸಾವಿರ.

ಎರಡನೇ ಸಲ ಬಿಚ್ಚಿ ಹಾಕೋ ತರ ಇರ್ಲಿ ಅಂತ 12 ಎಂಎಂ ಪಟ್ಟಿಗೆ ಕಲ್ಟಿವೇಟರ್ ಕುಳ ಕೂರಿಸಿ, ಬಕೆಟ್ ಅಂಚಲ್ಲಿ ಐದು ತೂತು ಹೊಡೆದು ಬೋಲ್ಟ್ ಹಾಕಿದೆ. ಅಂಚು ಎಷ್ಟು ಗಟ್ಟಿ ಅಂದ್ರೆ ಮೂರು ಡ್ರಿಲ್ ಬಿಟ್ ಸುಟ್ಟು ಹೋದ್ವು. ಇದು ಹತ್ತು ದಿನ ಚೆನ್ನಾಗೇ ನಡೀತು, ನಾನು ಗೆದ್ದೆ ಅಂತಾನೇ ಅಂದ್ಕೊಂಡಿದ್ದೆ. ಆಮೇಲೆ ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ ಬೊಡ್ಡೆಗೆ ಒಂದು ಮೂಲೆ ಸಿಕ್ಕಿ ಎರಡು ಬೋಲ್ಟ್ ಕತ್ತರಿಸಿ ಹೋಯ್ತು, ಉಳಿದ ತೂತೆಲ್ಲ ಮೊಟ್ಟೆ ಆಕಾರ ಆದ್ವು. ಬಿಚ್ಚಿ ನೋಡಿದ್ರೆ ತೂತಿಂದ ತೂತಿಗೆ ಕೂದಲು ಗೆರೆ ತರ ಬಿರುಕು. ನಾಲ್ಕು ಸಾವಿರದ ಚಿಲ್ಲರೆ ಹೋಯ್ತು, ಬಕೆಟ್ ಅಂಚಿನ ಪಟ್ಟಿನೇ ಹೊಸದು ಹಾಕಿಸೋ ಹಾಗಾಯ್ತು, ಅದರ ಲೆಕ್ಕ ಬೇರೆ.

ಅವತ್ತು ಆ ಮುರಿದ ಬೋಲ್ಟ್ ಕೈಲಿ ಹಿಡ್ಕೊಂಡು ಕೆರೆ ಏರಿ ಮೇಲೆ ಕೂತಾಗ ಹೊಳೆದಿದ್ದೇ ಈಗಿನ ದಾರಿ. ನೂಕೋ ಭಾರ ಬೋಲ್ಟ್ ಮೇಲೆ ಬರ್ಲೇಬಾರ್ದು. ಬಕೆಟ್ ಅಂಚೇ ಹಲ್ಲಿನ ಪಟ್ಟಿನ ಹಿಂದಿಂದ ನೂಕ್ಬೇಕು, ಬೋಲ್ಟ್ ಕೆಲಸ ಪಟ್ಟಿ ಮುಂದಕ್ಕೆ ಕಳಚಿ ಬೀಳದ ಹಾಗೆ ಹಿಡಿಯೋದು ಅಷ್ಟೇ. ಹಾಗಾದ್ರೆ ಅಂಚಿಗೆ ತೂತೂ ಬೇಡ, ವೆಲ್ಡೂ ಬೇಡ.

ರೆಡಿಮೇಡ್ ಹಲ್ಲಿನ ಪಟ್ಟಿ ಕೇಳಿದೆ, 17-18 ಸಾವಿರ ಅಂದ್ರು, ಅದೂ ನನ್ನ ಬಕೆಟ್ ಅಳತೆಗೆ ಇಲ್ಲ. ಸರಿ ಅಂತ ದಾವಣಗೆರೆಗೆ ಹೋಗಿ ಮಿನಿ ಹಿಟಾಚಿಗೆ ಹಾಕೋ ಹಲ್ಲು ಏಳು, ಆ ಹಲ್ಲು ಸಿಕ್ಕಿಸೋ ಅಡಾಪ್ಟರ್ ಏಳು, ಪಿನ್ ಸಮೇತ ತಂದೆ. ಡೂಪ್ಲಿಕೇಟೇ, ಸೆಟ್ ಒಂದಕ್ಕೆ 700 ರೂಪಾಯಿ ಹತ್ರ ಬಿತ್ತು. 4 ಇಂಚ್ ಅಗಲ 20 ಎಂಎಂ ದಪ್ಪದ ಫ್ಲಾಟ್, ಅಂದ್ರೆ ಕಬ್ಬಿಣದ ಪಟ್ಟಿ, ಐದೂವರೆ ಅಡಿ, ಅದು 26-27 ಕೆಜಿ ತೂಗ್ತು, ಎರಡು ಸಾವಿರ ಚಿಲ್ಲರೆ. ಈ ಅಡಾಪ್ಟರ್‌ಗೆ ಮೊಸಳೆ ಬಾಯಿ ತರ ಎರಡು ಕಾಲಿರುತ್ತೆ, ಮೇಲಿನ ಕಾಲು, ಕೆಳಗಿನ ಕಾಲು. ಮೇಲಿನ ಕಾಲನ್ನ ಫ್ಲಾಟ್‌ಗೆ ವೆಲ್ಡ್ ಮಾಡಿ ಕೆಳಗಿನ ಕಾಲನ್ನ ಹಾಗೇ ಬಿಟ್ಟೆ. ಫ್ಲಾಟ್ ಬಕೆಟ್ ಒಳಗೆ ಕೂರುತ್ತೆ, ಅಂಚು ಆ ಬಾಯೊಳಗೆ ನುಗ್ಗಿ ಕೂರುತ್ತೆ. ಬಾಯಿ ಅಗಲ ಜಾಸ್ತಿ ಇತ್ತು, ಅದಕ್ಕೆ ಕೆಳಗಿನ ಕಾಲಿಗೆ ಒಂದೊಂದು ಪ್ಯಾಕಿಂಗ್ ಪಟ್ಟಿ ಹಾಕಿದೀನಿ. ಆ ಪ್ಯಾಕಿಂಗ್ ಎಲ್ಲಾ ಕಡೆ ಒಂದೇ ದಪ್ಪ ಇಲ್ಲ. ಮುಂದೆಷ್ಟು ಹಿಂದೆಷ್ಟು ಅನ್ನೋದು ನಾನು ಮೂರು ಸಲ ಬಿಚ್ಚಿ ಕೂರಿಸಿ ಕಲ್ತಿದ್ದು, ನೂಕಿದಷ್ಟೂ ಪಟ್ಟಿ ತಾನೇ ಬಿಗಿಯಾಗುತ್ತೆ, ಅಲುಗಾಡೋ ಸದ್ದೇ ಬರಲ್ಲ. ಅದರ ಅಳತೆ ಮಾತ್ರ ಇಲ್ಲಿ ಬರೆಯಲ್ಲ, ಮಾಡೋಕೆ ಕೂತೋರಿಗೆ ತಾನಾಗೇ ಸಿಗುತ್ತೆ.

ವೆಲ್ಡಿಂಗ್ ಈ ಸಲ ನಾನೇ ಮುಂದೆ ನಿಂತು ಮಾಡಿಸ್ದೆ. ಅಡಾಪ್ಟರ್ ಎರಕದ ಮಾಲು, ತಣ್ಣಗಿರೋವಾಗ ರಾಡ್ ಇಟ್ರೆ ಕಮಾನ್ ಪಟ್ಟಿ ಕಥೆನೇ. ಗ್ಯಾಸ್ ಹಿಡಿದು ಕಾಸಿ, ನೀರು ಚಿಮುಕಿಸಿದ್ರೆ ಚುರ್ ಅಂತ ಹಾರ್ಬೇಕು, ಆಮೇಲೆ 7018 ಅನ್ನೋ ಗಟ್ಟಿ ಬೆಸುಗೆ ರಾಡ್. ಅದೂ ಒಡೆಯದ ಹೊಸ ಪ್ಯಾಕೆಟ್ ನಾನೇ ತಗೊಂಡು ಹೋದೆ, ಶಾಪ್‌ಗಳಲ್ಲಿ ತಿಂಗಳುಗಟ್ಲೆ ಬಾಯಿ ತೆರೆದಿಟ್ಟ ರಾಡ್ ತೇವ ಎಳ್ಕೊಂಡಿರುತ್ತೆ, ಅದೇ ಬಿರುಕಿಗೆ ಮೂಲ. ಒಂದು ಕಡೆಯಿಂದ ಸಾಲಾಗಿ ಸುಟ್ಕೊಂಡು ಹೋದ್ರೆ ಫ್ಲಾಟ್ ಬಾಳೆಕಾಯಿ ತರ ಬಾಗುತ್ತೆ, ನಮ್ಮದೂ ಶುರುನಲ್ಲಿ ಅರ್ಧ ಇಂಚ್ ಬಾಗಿತ್ತು. ಆಮೇಲೆ ಬಕೆಟ್ ಅಂಚಿಗೇ ಕ್ಲ್ಯಾಂಪ್ ಹಾಕಿ, ನಡುವಿಂದು ಒಂದು, ಎಡಮೂಲೆ ಒಂದು, ಬಲಮೂಲೆ ಒಂದು, ಹಿಂಗೆ ಬಿಟ್ಟು ಬಿಟ್ಟು ಹೊಡೆಸ್ದೆ. ಮುಗಿದ ತಕ್ಷಣ ಒಂದು ಮಂಕರಿ ಹಂಡೆ ಒಲೆ ಬೂದಿ ಸುರಿದು ಮುಚ್ಚಿಟ್ಟೆ. ಬೆಳಿಗ್ಗೆ ತೆಗೆದಾಗ್ಲೂ ಬೂದಿ ಒಳಗೆ ಬೆಚ್ಚಗಿತ್ತು. ಶಾಪ್‌ನವ್ರಿಗೆ ಈ ಬೂದಿ ಕೆಲಸ ಹುಚ್ಚಾಟ ಅನ್ಸಿತ್ತು, ಆದ್ರೆ ಇವತ್ತಿನ ತನಕ ಒಂದು ವೆಲ್ಡೂ ಬಿಟ್ಟಿಲ್ಲ.

ಫ್ಲಾಟ್‌ನ ಎರಡೂ ತುದಿಗೆ ಮೇಲಕ್ಕೆ ಒಂದೊಂದು ಕಿವಿ ಎಬ್ಬಿಸಿ, ಬಕೆಟ್ ಪಕ್ಕದ ತಗಡಿಗೆ ಒಳಗಡೆ 10 ಎಂಎಂ ತುಂಡು ಸೇರಿಸಿ ದಪ್ಪ ಮಾಡಿ, ಕಡೆಗೊಂದು 20 ಎಂಎಂ ಬೋಲ್ಟ್, ಅಷ್ಟೇ. ಒಟ್ಟು ಎರಡೇ ಬೋಲ್ಟ್. ಹಾಕೋಕೆ ಬಿಚ್ಚೋಕೆ ಹತ್ತು ನಿಮಿಷ ಸಾಕು, ಎತ್ತೋಕೆ ಮಾತ್ರ ಇಬ್ಬರು ಬೇಕು, ಹಲ್ಲು ಸಮೇತ 50 ಕೆಜಿ ಮೇಲಿದೆ. ಮಜೂರಿ, ಗ್ಯಾಸ್, ರಾಡ್ ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗೀತು.

ಮೊದಲ ದಿನ ಕೆರೆಗಿಳಿಸಿದ್ದು ಇನ್ನೂ ಕಣ್ಣಲ್ಲಿದೆ. ಬಕೆಟ್ ಸ್ವಲ್ಪ ಮೂಗು ತಗ್ಗಿಸಿ, ಫಸ್ಟ್ ಲೋ ಗೇರ್‌ನಲ್ಲಿ ಮೆಲ್ಲಗೆ ಕೊಟ್ಟೆ. ಹಲ್ಲು ಬಿರುಕಿಗೆ ಹೊಕ್ಕ ತಕ್ಷಣ ಎಂಜಿನ್ ಸದ್ದು ಒಂಚೂರು ಇಳೀತು ಅಷ್ಟೇ, ಕಾವಲಿಯಿಂದ ದೋಸೆ ಎದ್ದ ಹಾಗೆ ಗೋಡು ಹೆಂಟೆ ಹೆಂಟೆಯಾಗಿ ಎದ್ದು ಬಕೆಟ್ ಒಳಗೆ ಮಗುಚಿ ಬಿತ್ತು. ಹೆಂಟೆ ತಳ ಇನ್ನೂ ಹಸಿ ಇತ್ತು, ಕಪ್ಪಗೆ ಮಿಂಚ್ತಿತ್ತು, ಅದರ ಮೇಲೆ ಏಳು ಹಲ್ಲಿನ ಗೀರು ಸಾಲಾಗಿ. ನನ್ನ ತಮ್ಮ ಟ್ರೈಲಿ ಮೇಲಿಂದ ಸಿಳ್ಳೆ ಹೊಡೆದ. ಒಂಬತ್ತು ಹತ್ತು ಬಕೆಟ್‌ಗೆ ಟ್ರೈಲಿ ತುಂಬ್ತು, 12-13 ನಿಮಿಷ. ಅದೇ ಲೆಕ್ಕದಲ್ಲಿ ದಿನಕ್ಕೆ ಹತ್ತು ಹನ್ನೊಂದು ಲೋಡ್ ಆರಾಮಾಗಿ ಸಾಗಿಸಿದ್ವಿ. ಲೋಡಿಗೆ ಮುಕ್ಕಾಲು ಲೀಟರ್ ಡೀಸೆಲ್ ಅಂದ್ಕೊಳ್ಳಿ, ಜೆಸಿಬಿ ಲೆಕ್ಕಕ್ಕೆ ಹೋಲಿಸಿದ್ರೆ ಒಂದೇ ಬೇಸಿಗೆಲಿ 50 ಸಾವಿರ ಹತ್ರ ಉಳೀತು.

ಮಾವ ಹೇಳಿದ ಆಕ್ಸಲ್ ಭಯ ಸುಳ್ಳೇನಲ್ಲ. ಹಲ್ಲು ಹಾಕಿದ್ಮೇಲೆ ಬಕೆಟ್ ಪೂರ್ತಿ ತುಂಬುತ್ತೆ, ಜೊತೆಗೆ 50 ಕೆಜಿ ಪಟ್ಟಿದೇ ಇದೆ, ಎಲ್ಲಾ ಮುಂದಿನ ಗಾಲಿ ಮೇಲೆ. ಹಿಂದೆ ಭಾರ ಇಲ್ದೆ ಮಾಡ್ಬೇಡಿ. ನಾನು ಶುರುನಲ್ಲಿ ರೋಟವೇಟರ್ ನೇತಾಕ್ಕೊಂಡು ಮಾಡ್ದೆ, ಅದು ಬೊಡ್ಡೆಗೆ ತಾಗಿ ಬ್ಲೇಡ್ ಹಾಳಾಗುತ್ತೆ ಅಂತ ಆಮೇಲೆ ಆಯಿಲ್ ಡ್ರಮ್ ಮುಕ್ಕಾಲು ಭಾಗ ಕಾಂಕ್ರೀಟ್ ತುಂಬಿ ಹಿಂದಿನ ಲಿಂಕ್‌ಗೆ ಹಾಕಿದೀನಿ, ಮುನ್ನೂರೈವತ್ತು ಕೆಜಿ ಇರ್ಬಹುದು. ಗಾಲಿ ಜಾರೋದೂ ನಿಂತಿತು. ಮುಂದಿನ ಗಾಲಿ ತಿರುಗೋ ಕಡೆ ಇರೋ ಕಿಂಗ್ ಪಿನ್ ಬುಷ್ ಒಂದ್ಸಲ ಬದಲಾಯಿಸಿದೀನಿ, ಅದು ಲೋಡರ್ ಹಾಕಿದ ಯಾವ ಟ್ರ್ಯಾಕ್ಟರ್‌ಗೂ ತಪ್ಪಿದ್ದಲ್ಲ. ಗ್ರೀಸ್ ಮಾತ್ರ ದಿನಾ ಬೆಳಿಗ್ಗೆ.

ಹಲ್ಲು ಬಂತು ಅಂತ ಜೆಸಿಬಿ ತರ ಒಂದೇ ಮೂಲೆ ಹಲ್ಲು ಕೊಟ್ಟು ಬೊಡ್ಡೆ ಮೀಟೋಕೆ ಹೋಗ್ಬೇಡಿ. ಪಟ್ಟಿಗೆ ಏನೂ ಆಗಲ್ಲ, ಲೋಡರ್ ತೋಳು ತಿರುಚುತ್ತೆ. ಜಾಲಿ ಬೊಡ್ಡೆ ಕೀಳ್ಬೇಕು ಅಂದ್ರೆ ನಾನು ಸುತ್ತ ಮಣ್ಣು ಬಿಡಿಸಿ, ನಡುವಿನ ಎರಡು ಹಲ್ಲಿನ ಸಂದಿಗೆ ಬೇರು ಸಿಗೋ ಹಾಗೆ ಕೊಟ್ಟು ಬಕೆಟ್ ಮೆಲ್ಲಗೆ ಹಿಂದಕ್ಕೆ ಮಡಚ್ತೀನಿ. ತೊಡೆ ಗಾತ್ರದ ತನಕ ಬಂದಿದಾವೆ.

ಹಲ್ಲಿನ ತುದಿಗೆ ಸವೆತ ತಡೆಯೋ ಹಾರ್ಡ್ ಫೇಸಿಂಗ್ ರಾಡ್‌ನಲ್ಲಿ ಗೆರೆ ಎಳೆಸಿದೀನಿ, ಮೂರಕ್ಕೆ ಎಳೆಸಿ ನಾಲ್ಕು ಹಾಗೇ ಬಿಟ್ಟು ನೋಡಿದೆ, ಎಳೆಸಿದ್ದು ಸವೆದಿದ್ದು ಅರ್ಧಕ್ಕರ್ಧ ಕಡಿಮೆ. ಮೇಲೆ ಮಾತ್ರ ಎಳೆಸ್ಬೇಕಾ ಕೆಳಗಾ ಅನ್ನೋದ್ರಲ್ಲಿ ಒಂದು ಗುಟ್ಟಿದೆ, ಅದು ನನ್ನ ಹತ್ರಾನೇ ಇರ್ಲಿ, ಬೇರೆಯವ್ರಿಗೆ ಮೂರು ಪಟ್ಟಿ ಮಾಡಿಕೊಟ್ಟು ಮಜೂರಿ ತಗೊಂಡಿದೀನಿ. ಅಡಿಕೆ ಸಿಪ್ಪೆ ಗುಡ್ಡೆ ಎತ್ತೋಕೂ ಇದೇ ಪಟ್ಟಿಲಿ ಪ್ರಯತ್ನಪಟ್ಟೆ, ಸಿಪ್ಪೆ ಹಲ್ಲಿಗೆ ಸುತ್ಕೊಳ್ತು, ಬಕೆಟ್ ತುಂಬ್ಲಿಲ್ಲ. ಅದಕ್ಕೆ ಎರಡಡಿ ಉದ್ದದ ಮುಳ್ಳು ಹಾಕಿ ಇನ್ನೊಂದು ಪಟ್ಟಿ ಮಾಡ್ತಿದೀನಿ, ಅದೇ ಕಿವಿ ಅದೇ ಬೋಲ್ಟ್. ತಿಪ್ಪೆಗೆ ಮಾತ್ರ ಈ ಹಲ್ಲು ಬೊಂಬಾಟ್, ಅಡಿಯಲ್ಲಿ ಕಟ್ಟಿದ ಗೊಬ್ಬರನೂ ಬಿಡಲ್ಲ.

ಐದಡಿ ಬಕೆಟ್ ಇರೋರಿಗೆ ಆರು ಹಲ್ಲು ಸಾಕು, ಹಲ್ಲಿಂದ ಹಲ್ಲಿಗೆ ಹತ್ತು ಹನ್ನೊಂದು ಇಂಚ್ ಇರ್ಲಿ, ಒತ್ತೊತ್ತಾಗಿ ಹಾಕಿದ್ರೆ ಮತ್ತೆ ಸಪಾಟು ಅಂಚೇ ಆಗುತ್ತೆ, ನೆಲಕ್ಕೆ ಹೊಗಲ್ಲ. ಎರಡು ಮೂಲೆ ಹಲ್ಲು ಎಲ್ಲಕ್ಕಿಂತ ಮುಂಚೆ ಸವೆಯುತ್ತೆ. ಹೋದ ತಿಂಗಳು ಮೂಲೆ ಎರಡನ್ನ ಬಿಚ್ಚಿ ನಡುವಿನ ಎರಡರ ಜೊತೆ ಅದಲು ಬದಲು ಮಾಡಿದೀನಿ, ಪಿನ್ ಬಡಿದು ತೆಗೆಯೋಕೆ ಕಾಲು ಗಂಟೆ ಹಿಡೀತು, ಮಣ್ಣು ಒಣಗಿ ಕಚ್ಕೊಂಡಿತ್ತು, ಡೀಸೆಲ್ ಬಿಟ್ಟು ರಾತ್ರಿ ಇಟ್ಟಿದ್ರೆ ಸಲೀಸಾಗ್ತಿತ್ತು.