ತೊಳೆದಷ್ಟೂ ಬರುತ್ತಿದ್ದ ಕೊಳೆ: ಶೆಡ್‌ನಲ್ಲೇ ಮಿಲ್ಲಿಪೋರ್ ಟೆಸ್ಟ್

ತಯಾರಾದ ಭಾಗವನ್ನು (ಜಾಬ್) ಸಾಲ್ವೆಂಟ್‌ನಿಂದ ತೊಳೆದು, ಆ ದ್ರವವನ್ನು ಸಣ್ಣ ರಂಧ್ರಗಳ ಫಿಲ್ಟರ್ (ಮೆಂಬ್ರೇನ್) ಮೂಲಕ ಸೋಸಿ, ಅದರ ಮೇಲೆ ಉಳಿದ ಕೊಳೆಯನ್ನು ತೂಗೋದೇ ಮಿಲ್ಲಿಪೋರ್ ಟೆಸ್ಟ್. ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಅದು ಅಂದರೆ ಜಾಬನ್ನು ಲ್ಯಾಬಿಗೆ ಕಳಿಸೋದು ಅಂತಲೇ ಅರ್ಥ. ನಾವೇ ಮಾಡುತ್ತೇವೆ ಅಂದಾಗ, ಕ್ಲೀನ್ ರೂಂ ಇಲ್ಲದೆ ಲೆಕ್ಕ ತಾಳೆ ಆಗಲ್ಲ ಅಂದವರೇ ಎಲ್ಲ. ಈಗ ನಮ್ಮ ರೀಡಿಂಗ್ ಲ್ಯಾಬಿನದಕ್ಕಿಂತ ಅರ್ಧ ಎಂಜಿ (ಮಿಲಿಗ್ರಾಂ) ಆಚೀಚೆ ಬರುತ್ತೆ, ಅಷ್ಟೇ.

ಜಾಬ್ ಎಸ್‌ಜಿ ಐರನ್ (ಒಳಗೆ ಗ್ರಾಫೈಟ್ ಉಂಡೆಗಳಿರೋ ಎರಕದ ಕಬ್ಬಿಣ) ವಾಲ್ವ್ ಬ್ಲಾಕ್. 6 ಎಂಎಂ ಬೋರ್, ಅದಕ್ಕೆ ಅಡ್ಡ ನಾಲ್ಕು 4 ಎಂಎಂ ಹೋಲ್. ಡ್ರಾಯಿಂಗ್‌ನಲ್ಲಿ ಇದ್ದದ್ದು ಎರಡೇ ಮಾತು: ಒಟ್ಟು ಕೊಳೆ 6 ಎಂಜಿ ಒಳಗೆ, ಲೋಹದ ಕಣ 600 ಮೈಕ್ರಾನ್ ಮೀರಬಾರದು. ಯಾವ ಮೇಲ್ಮೈ, ಎಷ್ಟು ಲೀಟರ್, ಯಾವ ಫಿಲ್ಟರ್ ಅನ್ನೋದು ಇಲ್ಲವೇ ಇಲ್ಲ. ಕ್ಯಾಸ್ಟಿಂಗ್‌ನ ಹೊರಮೈ ಸೇರಿಸಿದರೆ ಅದರ ಮರಳೇ 3–4 ಎಂಜಿ ತಿಂದುಬಿಡುತ್ತೆ. ಅದಕ್ಕೇ ಮೊದಲು ಪಾರ್ಟಿಯಿಂದ (ಆರ್ಡರ್ ಕೊಟ್ಟ ಗಿರಾಕಿ) ಬರೆಸಿಕೊಂಡದ್ದು ಇದು: ಒಳದಾರಿ ಮಾತ್ರ, 5 ಮೈಕ್ರಾನ್ ಮೆಂಬ್ರೇನ್, ಪ್ರೆಷರ್ ರಿನ್ಸ್, ಲೆಕ್ಕ ಪೀಸಿಗೆ ಇಷ್ಟು ಅಂತ. ISO ನಂಬರ್ ಒಂದನ್ನು ನೋಟ್‌ನಲ್ಲಿ ಹಾಕಿಬಿಟ್ಟರೆ ಇದ್ಯಾವುದೂ ತೀರ್ಮಾನ ಆಗಲ್ಲ.

ಈ ಟೆಸ್ಟ್ ಮಾಡೋ ಇಂಪೋರ್ಟೆಡ್ ಕ್ಯಾಬಿನೆಟ್‌ಗೆ ಬಂದ ಕೊಟೇಶನ್ 30 ಲಕ್ಷದ ಮೇಲೆ. ನಮ್ಮದು ಬ್ಯಾಲೆನ್ಸ್, ಓವನ್, ಸೆಕೆಂಡ್‌ಹ್ಯಾಂಡ್ ಮೈಕ್ರೋಸ್ಕೋಪ್ ಎಲ್ಲ ಸೇರಿ ಎರಡು ಲಕ್ಷ ಮುಟ್ಟಿರಬೇಕು. ಲ್ಯಾಬಿಗೆ ಒಂದು ಟೆಸ್ಟಿಗೆ ಮೂರೂವರೆ ಸಾವಿರ, ಮೇಲೆ ನಾಲ್ಕು ದಿನ ಕಾಯಬೇಕಿತ್ತು. ನಮ್ಮ ಸೆಟಪ್ ಇಷ್ಟೇ: ಸಾಲ್ವೆಂಟ್‌ಗೆ 10 ಲೀಟರ್ ಸ್ಟೇನ್‌ಲೆಸ್ ಸ್ಟೀಲ್ ಪ್ರೆಷರ್ ಪಾಟ್, ನಾಝಲ್‌ಗೆ ಮುಂಚೆ ಫೈನ್ ಫಿಲ್ಟರ್ ಕಾರ್ಟ್ರಿಜ್, ನಿಮಿಷಕ್ಕೆ ಒಂದೂವರೆ ಲೀಟರ್ ಹರಿವು. ಸಾಲ್ವೆಂಟ್ ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತೋ ಉಷ್ಣತೆ) 60 ಡಿಗ್ರಿ ಮೇಲಿರೋದೇ ಆಗಬೇಕು, ಇದರಲ್ಲಿ ಜುಗ್ಗತನ ಬೇಡ.

ಮೊದಲ ಬ್ಲ್ಯಾಂಕ್‌ನಲ್ಲೇ ಮುಗ್ಗರಿಸಿದೆವು. ಜಾಬ್ ಇಡದೆ ಬರೀ ಸಾಲ್ವೆಂಟ್ ಹರಿಸಿದರೆ 2.3 ಎಂಜಿ! ಲಿಮಿಟ್‌ನ ಹತ್ತನೇ ಒಂದು ಭಾಗ, ಅಂದರೆ 0.6 ದಾಟಬಾರದು. ಅರ್ಧ ತಪ್ಪು ಪಿವಿಸಿ ಹೋಸಿನದು, ಪಿಟಿಎಫ್‌ಇ (ಟೆಫ್ಲಾನ್) ಹಾಕಿದ ಮೇಲೆ ಇಳಿಯಿತು. ಉಳಿದದ್ದು ಟ್ರೇಯ ವೆಲ್ಡ್ ಮೂಲೆಯಲ್ಲಿ ಕೂತಿತ್ತು, ಮೂಲೆ ಉರುಟು ಮಾಡಿ ಬಫಿಂಗ್ ಮಾಡಿಸಿದೆವು. ಮಳೆಗಾಲದಲ್ಲಿ ಇನ್ನೊಂದು ಆಟ: ಸೆಲ್ಯುಲೋಸ್ ಮೆಂಬ್ರೇನ್ ತೇವ ಎಳೆದು ಬ್ಯಾಲೆನ್ಸ್ ಮೇಲೇ ತೂಕ ಏರುತ್ತಾ ಹೋಗುತ್ತೆ. ಡೆಸಿಕೇಟರ್‌ನಲ್ಲಿ (ತೇವ ಹೀರೋ ಮುಚ್ಚಿದ ಪಾತ್ರೆ) ಅರ್ಧ ಗಂಟೆ ಇಟ್ಟರೂ ಸಾಲಲಿಲ್ಲ. ಏನೂ ಹರಿಸದ ಇನ್ನೊಂದು ಮೆಂಬ್ರೇನನ್ನು ಜೊತೆಗೇ ಒಣಗಿಸಿ, ಜೊತೆಗೇ ತೂಗಿ, ಅದರ ಏರಿಳಿತವನ್ನು ಕಳೆಯುತ್ತೇವೆ.

ನಿಜವಾದ ಪಾಠ ಡಿಕೇ ಟೆಸ್ಟ್‌ನಲ್ಲಿ, ಅಂದರೆ ಎಷ್ಟು ರಿನ್ಸ್‌ಗೆ ಕೊಳೆ ಬರೋದು ನಿಲ್ಲುತ್ತೆ ಅಂತ ನೋಡೋದು. ಒಂದೇ ಪೀಸನ್ನು ಆರು ಸಲ ತೊಳೆದು ಆರು ಮೆಂಬ್ರೇನ್ ತೂಗಬೇಕು. ಕೊನೆಯ ತೂಕ ಅಲ್ಲಿವರೆಗಿನ ಒಟ್ಟಿನ 10%ಗೆ ಇಳಿಯಬೇಕು. ನಮಗೆ ಬಂದದ್ದು 1.1, 1.0, 1.3, 0.9, 1.1, 1.0. ಇಳಿಯೋ ಲಕ್ಷಣವೇ ಇಲ್ಲ. ಒತ್ತಡ ಹೆಚ್ಚಿಸಿದೆವು, ಇನ್ನೂ ಜಾಸ್ತಿ ಬಂತು. ಸಾಲ್ವೆಂಟ್ ಬದಲಾಯಿಸಿ ಹತ್ತು ಸಾವಿರ ಕಳೆದೆವು. ಕಡೆಗೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಎಲ್ಲ ಹೊಳೆಯೋ ಚೂರುಗಳು, ಒಂದು ಅಂಚು ಆಗಷ್ಟೇ ಮುರಿದ ಹಾಗೆ. ಕೊಳೆ ಅಲ್ಲ, ಕ್ರಾಸ್ ಹೋಲ್ ಸೇರೋ ಕಡೆಯ ಬರ್ (ಡ್ರಿಲ್ ಮಾಡಿದಾಗ ಅಂಚಲ್ಲಿ ಉಳಿಯೋ ಲೋಹದ ಮುಳ್ಳು) ಬುಡದಿಂದ ಕಿತ್ತು ಬರ್ತಾ ಇತ್ತು. ವಾಷಿಂಗ್ ಮೆಷಿನ್‌ಗೆ ಎಷ್ಟು ದುಡ್ಡು ಸುರಿದರೂ ಇದು ಹೋಗಲ್ಲ.

4 ಎಂಎಂ ಹೋಲ್ ಮೊದಲು ಹೊಡೆದು, ಬೋರನ್ನು ಅಳತೆಗೆ ನಯ ಮಾಡೋ 6 ಎಂಎಂ ರೀಮರ್ ಕೊನೆಗೆ ಹಾಕಿದೆವು. ಆಮೇಲೆ ನೈಲಾನ್ ಅಬ್ರೇಸಿವ್ ಬ್ರಷ್. ಆರ್‌ಪಿಎಂ ಎಷ್ಟು, ಯಾವ ಕಡೆಯಿಂದ ಒಳಗೆ ಬಿಡಬೇಕು ಅನ್ನೋದು ನಮ್ಮಲ್ಲೇ ಇರಲಿ. ಮುಂದಿನ ಸಲ ಬಂದದ್ದು 2.0, 0.6, 0.2, 0.1. ಮೂರನೇ ರಿನ್ಸ್‌ಗೇ ಪಾಸು.

ಕುತೂಹಲಕ್ಕೆ ಅಲ್ಟ್ರಾಸಾನಿಕ್‌ನಲ್ಲೂ ಹಾಕಿ ನೋಡಿದೆವು. ಎಸ್‌ಜಿ ಐರನ್‌ಗೆ ಅದು ಬೇಡವೇ ಬೇಡ, ಗ್ರಾಫೈಟ್ ಕಿತ್ತು ಬಂದು ಫಿಲ್ಟರ್ ಕಾಡಿಗೆ ಬಳಿದ ಹಾಗಾಯಿತು. ಫಿಲ್ಟರ್ ಕೆಳಗೆ ಮ್ಯಾಗ್ನೆಟ್ ಆಡಿಸೋದು ಮಾತ್ರ ಒಳ್ಳೆಯ ಕಿತಾಪತಿ: ಅಲುಗಾಡಿದ್ದು ಕಬ್ಬಿಣ, ಸುಮ್ಮನಿದ್ದದ್ದು ಗ್ರೈಂಡಿಂಗ್ ವೀಲಿನ ಪುಡಿ, ಪ್ಲಾಸ್ಟಿಕ್‌ನಂಥದ್ದು. ಒರೆಸೋ ಕಾಟನ್ ವೇಸ್ಟ್‌ನ ಎಳೆಗಳು 2 ಎಂಎಂ ಕಣ ಅಂತ ಎಣಿಕೆಗೆ ಬಂದು ಹೆದರಿಸುತ್ತವೆ. ಅಗಲಕ್ಕಿಂತ 20 ಪಟ್ಟು ಉದ್ದ ಇರೋ ತೆಳು ಎಳೆಯನ್ನು ಫೈಬರ್ ಅಂತ ಬೇರೆ ಬರೆಯಬೇಕು. ನಾವು ವೇಸ್ಟನ್ನೇ ನಿಲ್ಲಿಸಿದೆವು.

ಡಿಮ್ಯಾಗ್, ಅಂದರೆ ಪೀಸಿನ ಅಯಸ್ಕಾಂತ ಗುಣ ತೆಗೆಯೋದು, ಮರೆತರೆ ಕಬ್ಬಿಣದ ಪುಡಿ ಪೀಸಿಗೇ ಅಂಟಿಕೊಂಡಿರುತ್ತೆ, ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸರ್ಫೇಸ್ ಗ್ರೈಂಡರ್ ಚಕ್‌ನಿಂದ ಬಂದ ಪೀಸ್ 8–10 ಗಾಸ್ ಹೊತ್ತಿರುತ್ತೆ, 2ರ ಕೆಳಗೆ ತನ್ನಿ. ಕಾಯಿಲ್ ಆನ್ ಇರುವಾಗಲೇ ಪೀಸನ್ನು ನಿಧಾನಕ್ಕೆ ಒಂದು ಮೀಟರ್ ದೂರ ಎಳೆಯಬೇಕು.

ಲ್ಯಾಬ್ ಜೊತೆ ಹೋಲಿಸುವಾಗ ಒಂದೇ ಪೀಸನ್ನು ಎರಡು ಕಡೆ ಟೆಸ್ಟ್ ಮಾಡಿ ಅಂತ ಪಾರ್ಟಿ ಕೇಳುತ್ತಾರೆ. ಒಂದು ಸಲ ತೊಳೆದ ಪೀಸ್ ಎರಡನೇ ಕಡೆ ಚೊಕ್ಕವಾಗೇ ಬರುತ್ತೆ ಅಲ್ಲವೇ! ಒಂದೇ ಬ್ಯಾಚಿನ ಐದೈದು ಪೀಸ್ ಹಂಚಿಕೊಂಡೆವು: ಅವರದು ಸರಾಸರಿ 3.4, ನಮ್ಮದು 3.1. ಆಮೇಲೂ ಡಿಸ್ಪ್ಯಾಚ್ ಆದ ಒಂದು ಲಾಟ್ ವಾಪಸ್ ಬಂತು. ಕಾರಣ ಥ್ರೆಡ್ ಇರೋ ಪ್ಲಾಸ್ಟಿಕ್ ಪ್ಲಗ್, ತಿರುಗಿಸುವಾಗ ಸಿಪ್ಪೆ ಸುಲಿದು ಪೋರ್ಟ್ ಒಳಗೆ ಬೀಳುತ್ತಿತ್ತು. ಈಗ ಒತ್ತಿ ಕೂರಿಸೋ ಕ್ಯಾಪ್ ಹಾಕುತ್ತೇವೆ, ಅದನ್ನೂ ಒಂದು ಸಲ ತೊಳೆದೇ.