ಜಿಂಕೆ ಗುದ್ದಿದರೂ ಲಾರಿ ಕೆಟ್ಟು ನಿಲ್ಲಬಾರದೇ? ಮುಂಭಾಗದ ಗಾರ್ಡ್ ಹೀಗೆ ಆರಿಸಿ

ನವೆಂಬರ್ ಬಂತೆಂದರೆ ಅಮೆರಿಕದ ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ, ವಿಸ್ಕಾನ್ಸಿನ್ ಕಡೆ ಲಾರಿ ಓಡಿಸುವವರಿಗೆ ಜಿಂಕೆಯದೇ ಚಿಂತೆ. ಬಿಳಿಬಾಲದ ಜಿಂಕೆಗಳಿಗೆ ಅದು ಬೆದೆಯ ಕಾಲ. ಹೆಣ್ಣಿನ ಬೆನ್ನು ಹತ್ತಿದ ಗಂಡಿಗೆ ರಸ್ತೆ, ದೀಪ, ಹಾರ್ನ್ ಯಾವುದರ ಪರಿವೆಯೂ ಇರುವುದಿಲ್ಲ. ಅದರಲ್ಲೂ ನಸುಕು ಮತ್ತು ಮುಸ್ಸಂಜೆ ಹೆಚ್ಚು ಅಪಾಯದ ಹೊತ್ತು.

ಸರಕು ತುಂಬಿ 36 ಟನ್ ತೂಗುವ ಲಾರಿಗೆ ನೂರು ಕಿಲೋದೊಳಗಿನ ಪ್ರಾಣಿ ಏನು ಮಾಡೀತು ಎಂದು ಕೇಳುವವರಿದ್ದಾರೆ. ಈಗಿನ ಲಾರಿಗಳ ಮೂತಿ ಉಕ್ಕಿನದಲ್ಲ. ಫ್ರೈಟ್‌ಲೈನರ್ ಕ್ಯಾಸ್ಕೇಡಿಯಾ, ಕೆನ್‌ವರ್ತ್ ಟಿ680, ವೋಲ್ವೊ ವಿಎನ್‌ಎಲ್‌ನಂಥವುಗಳಲ್ಲಿ ಗಾಳಿಯನ್ನು ಸೀಳಿ ಡೀಸೆಲ್ ಉಳಿಸಲೆಂದು ಬಂಪರಿಗೆ ಪ್ಲಾಸ್ಟಿಕ್, ಬಾನೆಟ್ಟಿಗೆ ಫೈಬರ್ ಬಳಸುತ್ತಾರೆ. ಗ್ರಿಲ್‌ನ ಹಿಂದೆಯೇ ಎ.ಸಿ. ಕಂಡೆನ್ಸರ್, ಎಂಜಿನ್ನಿಗೆ ಹೋಗುವ ಗಾಳಿ ತಣಿಸುವ ಚಾರ್ಜ್ ಏರ್ ಕೂಲರ್, ರೇಡಿಯೇಟರ್ ಒಂದರ ಹಿಂದೊಂದು ನಿಂತಿರುತ್ತವೆ. ರೇಡಿಯೇಟರ್ ತೂತಾದರೆ ಲಾರಿ ನಿಂತಲ್ಲೇ ನಿಂತಿತು. ಟೋಯಿಂಗ್ ಖರ್ಚು, ಬಿಡಿಭಾಗ ಬರುವವರೆಗೆ ಕಾಯುವುದು, ತಡವಾದ ಲೋಡು, ಹೋಟೆಲ್ ಬಾಡಿಗೆ ಎಲ್ಲ ಸೇರಿದರೆ ರಿಪೇರಿ ಬಿಲ್ಲೇ ಚಿಕ್ಕದೆನಿಸುತ್ತದೆ. ಸ್ವಂತ ಲಾರಿ ಇಟ್ಟುಕೊಂಡವರಿಗೆ ಮೂತಿಯ ಮುಂದೆ ಹಾಕಿಸುವ ಲೋಹದ ಗಾರ್ಡ್ ಬೇಕಾಗುವುದು ಇದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇದು ಅಮೆರಿಕ, ಕೆನಡಾದಲ್ಲಿ ಲಾರಿ ಅಥವಾ ಪಿಕಪ್ ಓಡಿಸುವ ಕನ್ನಡಿಗರಿಗಾಗಿ ಬರೆದದ್ದು. ಇದನ್ನೋದಿ ಊರಿನಲ್ಲಿರುವ ವಾಹನಕ್ಕೆ ಗಾರ್ಡ್ ಹಾಕಿಸಬೇಡಿ. ಭಾರತದಲ್ಲಿ ಇಂಥ ಗಾರ್ಡ್, ಅಂದರೆ ಬುಲ್ ಬಾರ್ ಅಳವಡಿಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನ ಉಲ್ಲಂಘನೆ. ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಪಾದಚಾರಿಗೆ ತಗುಲಿದರೆ ಬದುಕಿಸುವ ಸಾಧನವಲ್ಲ ಅದು. ಬಂಡೀಪುರದ ದಾರಿಯಲ್ಲಿ ಪ್ರಾಣಿ ಉಳಿಯಲು ವೇಗ ತಗ್ಗಿಸಬೇಕು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧವನ್ನು ಪಾಲಿಸಬೇಕು. ಅಲ್ಲಿ ಬೇರೆ ದಾರಿಯಿಲ್ಲ.

ಮೊದಲು ನಿಮ್ಮ ದಾರಿ ನೋಡಿ

ಯಾವ ಪ್ರಾಣಿ ಎದುರಾಗುತ್ತದೆ ಎಂಬುದರ ಮೇಲೆ ಗಾರ್ಡಿನ ಎತ್ತರ, ಗಟ್ಟಿತನ ನಿಂತಿದೆ. ಜಿಂಕೆಯಷ್ಟೇ ಆದರೆ ಗ್ರಿಲ್ ಮತ್ತು ಹೆಡ್‌ಲೈಟ್ ಕಾಯುವ ಕೊಳವೆ ಗಾರ್ಡ್ ಸಾಕು. ಉತ್ತರ ಒಂಟಾರಿಯೊದ 11 ಮತ್ತು 17ನೇ ಹೆದ್ದಾರಿ, ನ್ಯೂಫೌಂಡ್‌ಲ್ಯಾಂಡ್, ಮೇನ್ ರಾಜ್ಯದ ಕಡೆ ಹೋಗುವವರಾದರೆ ಲೆಕ್ಕವೇ ಬೇರೆ. ಅಲ್ಲಿ ಜಿಂಕೆಯ ಕುಲದಲ್ಲೇ ದೈತ್ಯನಾದ ಮೂಸ್ ಇದೆ. ಬೆಳೆದ ಗಂಡು 500 ಕಿಲೋ ದಾಟುವುದುಂಟು, ಉದ್ದ ಕಾಲಿನ ಮೇಲೆ ಭಾರವೆಲ್ಲ ಎತ್ತರದಲ್ಲಿರುತ್ತದೆ. ಆ ದಾರಿಯವರು ಮೂಲ ಬಂಪರನ್ನೇ ತೆಗೆಸಿ ದಪ್ಪ ಅಲ್ಯೂಮಿನಿಯಂನ 'ಮೂಸ್ ಬಂಪರ್' ಹಾಕಿಸುತ್ತಾರೆ. ವಿನಿಪೆಗ್‌ನ ಅಲಿ ಆರ್ಕ್ ಕಂಪನಿಯದು ಇದರಲ್ಲಿ ಚಾಲಕರಿಗೆಲ್ಲ ಪರಿಚಿತ ಹೆಸರು. ಜಿಂಕೆಗೆಂದು ಮೂಸ್ ಬಂಪರ್ ಹೊತ್ತು ತಿರುಗುವುದು ವ್ಯರ್ಥ ಭಾರ. ಮೂಸ್ ಇರುವ ಕಡೆ ಜಿಂಕೆ ಗಾರ್ಡ್ ನಂಬುವುದು ಅದಕ್ಕಿಂತ ಕೆಟ್ಟದ್ದು.

ಮೂಲೆ ಕಾಯುತ್ತದೆಯೇ?

ಜಿಂಕೆ ರಸ್ತೆ ನಡುವೆ ನಿಂತು ಕಾಯುವುದಿಲ್ಲ, ಬದಿಯಿಂದ ನೆಗೆಯುತ್ತದೆ. ಹಾಗಾಗಿ ಪೆಟ್ಟು ಬೀಳುವುದು ಬಹಳ ಸಲ ಮೂಲೆಗೆ, ಅಂದರೆ ಹೆಡ್‌ಲೈಟ್, ಫೆಂಡರ್, ಬಂಪರಿನ ತುದಿಗೆ. ನಡುವಿನ ಗ್ರಿಲ್ ಮಾತ್ರ ಮುಚ್ಚುವ ಗಾರ್ಡ್ ನೋಡಲು ಚೆಂದ, ದರವೂ ಕಡಿಮೆ. ಆದರೆ ಎಲ್ಲಿ ಬೇಕೋ ಅಲ್ಲಿ ಅದು ಇರುವುದಿಲ್ಲ. ಎರಡೂ ಬದಿ ಸುತ್ತಿ ಬರುವ ರೆಕ್ಕೆಯಿರುವುದನ್ನೇ ಕೇಳಿ. ಕೆಳಗಿನ ಅಡ್ಡಕೊಳವೆ ಎಷ್ಟು ತಗ್ಗಿನಲ್ಲಿದೆ ಎಂದೂ ಬಗ್ಗಿ ನೋಡಿ. ಬಿದ್ದ ಪ್ರಾಣಿ ಬಂಪರಿನಡಿ ನುಗ್ಗಿದರೆ ಆಯಿಲ್ ಪ್ಯಾನ್, ಏರ್ ಪೈಪ್, ಸ್ಟೀರಿಂಗ್ ರಾಡ್ ಯಾವುದಕ್ಕಾದರೂ ತಗುಲಬಹುದು.

ಗಾರ್ಡ್ ಯಾವುದನ್ನು ಹಿಡಿದು ನಿಂತಿದೆ?

ನನ್ನ ಪ್ರಕಾರ ಅತಿ ಮುಖ್ಯ ಪ್ರಶ್ನೆ ಇದೇ, ಅಂಗಡಿಯಲ್ಲಿ ಕಡಿಮೆ ಕೇಳುವುದೂ ಇದನ್ನೇ. ಕೊಳವೆ ಎಷ್ಟೇ ದಪ್ಪವಿರಲಿ, ಅದರ ಬ್ರಾಕೆಟ್ ಚಾಸಿಯ ಉದ್ದದ ರೈಲಿಗೆ ಬೋಲ್ಟ್ ಆಗಿರಬೇಕು, ಇಲ್ಲವೇ ಕಂಪನಿಯೇ ಕೊಟ್ಟ ಟೋ ಹುಕ್ ಜಾಗದಲ್ಲಿ ಕೂರಬೇಕು. ಬಂಪರಿನ ಪ್ಲಾಸ್ಟಿಕ್ ಅಥವಾ ತೆಳು ತಗಡನ್ನು ಹಿಡಿದ ಗಾರ್ಡ್ ಪೆಟ್ಟು ಬಿದ್ದಾಗ ಹಿಂದಕ್ಕೆ ಮಡಚಿ ತಾನೇ ರೇಡಿಯೇಟರಿಗೆ ಚುಚ್ಚುತ್ತದೆ. ಬ್ರಾಕೆಟ್ಟಿನ ಚಿತ್ರವಲ್ಲ, ಬ್ರಾಕೆಟ್ಟನ್ನೇ ಕೈಯಲ್ಲಿ ಹಿಡಿದು ನೋಡಿ. ಬೆಸುಗೆ ಒಂದೇ ಸಮ ಸುತ್ತ ಹರಿದಿದೆಯೇ, ಅಲ್ಲಲ್ಲಿ ಚುಕ್ಕಿ ಇಟ್ಟಂತಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಗಾರ್ಡಿಗೂ ಗ್ರಿಲ್‌ಗೂ ನಡುವೆ ಒಂದಷ್ಟು ಅಂತರವಿರಬೇಕು. ತಗುಲಿಕೊಂಡೇ ಇದ್ದರೆ ಕೊಳವೆ ಬಾಗಲು ಜಾಗವೇ ಇರುವುದಿಲ್ಲ.

ತೂಕದ ಲೆಕ್ಕ

ಗಾರ್ಡ್ ಮುಂದಿನ ಆಕ್ಸಲಿಗಿಂತ ಮುಂದೆ ತೂಗುತ್ತದೆ. ಹಾಗಾಗಿ ಆಕ್ಸಲ್ ಮೇಲೆ ಬೀಳುವ ಭಾರ ಅದರ ಸ್ವಂತ ತೂಕಕ್ಕಿಂತ ಹೆಚ್ಚು. 150 ಕಿಲೋದ ಗಾರ್ಡ್ ಆಕ್ಸಲಿಗಿಂತ 1.4 ಮೀಟರ್ ಮುಂದಿದೆ, ಲಾರಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 5.8 ಮೀಟರ್ ಎಂದುಕೊಳ್ಳಿ. ಎರಡೂ ಅಂತರ ಸೇರಿ 7.2, 150ನ್ನು ಅದರಿಂದ ಗುಣಿಸಿ 5.8ರಿಂದ ಭಾಗಿಸಿದರೆ ಸುಮಾರು 186 ಕಿಲೋ. ಮುಂದಿನ ಆಕ್ಸಲ್ ಸಾಮಾನ್ಯವಾಗಿ 12,000 ಪೌಂಡ್, ಅಂದರೆ ಸುಮಾರು 5,440 ಕಿಲೋ ಮಿತಿಯದು. ಟ್ಯಾಂಕ್ ತುಂಬ ಡೀಸೆಲ್ ಹಾಕಿದಾಗ ಹಲವು ಲಾರಿಗಳು ಆ ಅಂಚಿಗೇ ಬಂದಿರುತ್ತವೆ. ಖರೀದಿಗೆ ಮುಂಚೆ ಪೂರ್ತಿ ಡೀಸೆಲ್, ಪೂರ್ತಿ ಲೋಡ್ ಇರುವಾಗ ಟ್ರಕ್ ಸ್ಟಾಪಿನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ಮುಂದಿನ ಆಕ್ಸಲಿನ ತೂಕದ ಚೀಟಿ ಪಡೆಯಿರಿ. ಮಿತಿ ದಾಟುವಂತಿದ್ದರೆ ಟ್ರೇಲರನ್ನು ಹಿಡಿಯುವ ಕೊಂಡಿಯಾದ ಫಿಫ್ತ್ ವೀಲನ್ನು ಒಂದೆರಡು ಹಲ್ಲು ಹಿಂದೆ ಸರಿಸಬಹುದು. ಇಲ್ಲವಾದರೆ ಹಗುರ ಗಾರ್ಡ್ ನೋಡಿ.

ಲೋಹದ ಆಯ್ಕೆಯೂ ಇಲ್ಲೇ ಬರುತ್ತದೆ. ಅಲ್ಯೂಮಿನಿಯಂ ಹಗುರ, ತುಕ್ಕಿನ ಭಯ ಕಡಿಮೆ. ಪೌಡರ್ ಕೋಟ್ ಹಚ್ಚಿದ ಉಕ್ಕು ಗಟ್ಟಿ, ಅಗ್ಗ. ಆದರೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಬಣ್ಣ ಎದ್ದ ಜಾಗದಲ್ಲೆಲ್ಲ ಹೊಕ್ಕುತ್ತದೆ. ಸ್ಟೇನ್‌ಲೆಸ್ ಉಕ್ಕು ಬಾಳಿಕೆ ಬರುತ್ತದೆ, ತೂಕವೂ ಬೆಲೆಯೂ ಹೆಚ್ಚು. ಉತ್ತರದ ಉಪ್ಪಿನ ರಸ್ತೆಯವರು ಅಲ್ಯೂಮಿನಿಯಮ್ಮನ್ನೇ ಆರಿಸುವುದು ಒಳ್ಳೆಯದು.

ರಾಡಾರ್, ಬಾನೆಟ್, ದೀಪ

ಬೆಂಡಿಕ್ಸ್ ವಿಂಗ್‌ಮನ್, ಡೆಟ್ರಾಯಿಟ್ ಅಶ್ಯೂರೆನ್ಸ್ ಮೊದಲಾದ ಅಪಘಾತ ತಡೆ ವ್ಯವಸ್ಥೆಗಳ ರಾಡಾರ್ ಇರುವುದು ಬಂಪರಿನ ನಡುವೆ. ಅದರ ಮುಂದೆ ಲೋಹ ಬಂದರೆ ರಾಡಾರಿಗೆ ರಸ್ತೆ ಸರಿಯಾಗಿ ಕಾಣದು. ಜಿಂಕೆಯಿಂದ ಉಳಿಯಲು ಹೋಗಿ ಮುಂದಿನ ಕಾರಿಗೆ ಗುದ್ದುವ ಪರಿಸ್ಥಿತಿ ತಂದುಕೊಳ್ಳಬಾರದು. ನಿಮ್ಮ ಲಾರಿಯ ಮಾಡೆಲ್, ವರ್ಷ, ರಾಡಾರಿನ ಹೆಸರು ಮೂರನ್ನೂ ಹೇಳಿ, ಅದಕ್ಕೆ ಹೊಂದುತ್ತದೆಂದು ಬರಹದಲ್ಲಿ ಪಡೆಯಿರಿ. ಪಿಕಪ್‌ನವರು ಏರ್‌ಬ್ಯಾಗ್ ಮತ್ತು ಪಾರ್ಕಿಂಗ್ ಸೆನ್ಸರ್ ಬಗ್ಗೆಯೂ ಹೀಗೇ ಕೇಳಬೇಕು.

ಲಾರಿಯ ಬಾನೆಟ್ ಮುಂದಕ್ಕೆ ಬಾಗಿ ತೆರೆಯುತ್ತದೆ. ಪ್ರತಿದಿನ ಹೊರಡುವ ಮುನ್ನ ಆಯಿಲ್, ಬೆಲ್ಟ್ ನೋಡಲು ಗಾರ್ಡನ್ನು ಕೆಳಗೆ ಮಡಚಲೇಬೇಕು. ಒಬ್ಬರೇ, ಕೈಗವಸು ಹಾಕಿಕೊಂಡು, ಮೈನಸ್ 20 ಡಿಗ್ರಿಯಲ್ಲಿ ಪಿನ್ ಎಳೆದು ಇಳಿಸಲು ಆಗುತ್ತದೆಯೇ? ಅಂಗಡಿಯಲ್ಲೇ ಇಳಿಸಿ, ಎತ್ತಿ ನೋಡಿ. ಇಳಿಸುವುದು ಕಷ್ಟವಾದರೆ ತಪಾಸಣೆಯೇ ತಪ್ಪಿಹೋಗುತ್ತದೆ. ಸಂಜೆ ಹೊತ್ತು ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಹಾಕಿ. ಕೊಳವೆಯ ನೆರಳು ಬೆಳಕಿನ ನಡುವೆ ಬಿದ್ದರೆ ಆ ಗಾರ್ಡ್ ಬೇಡ.

ವಿಮೆಯ ವಿಷಯ ಚಿಕ್ಕದು. ಅಮೆರಿಕದಲ್ಲಿ ಜಿಂಕೆಗೆ ಗುದ್ದಿದ ನಷ್ಟ ಕಾಂಪ್ರಹೆನ್ಸಿವ್ ಭಾಗದಲ್ಲಿ ಬರುತ್ತದೆ. ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ ಅದು ಕೊಲಿಷನ್, ಅಂದರೆ ಡಿಕ್ಕಿಯ ಭಾಗ. ನಿಮ್ಮ ಕೈಯಿಂದ ಕೊಡಬೇಕಾದ ಡಿಡಕ್ಟಿಬಲ್ ಎಷ್ಟೆಂದು ನೋಡಿ ಗಾರ್ಡಿನ ಬೆಲೆಯ ಜೊತೆ ತೂಗಿ. ಬಂಪರಿಗೆ ಅಂಟಿಸುವ 'ಜಿಂಕೆ ಸೀಟಿ'ಗೆ ಮಾತ್ರ ದುಡ್ಡು ಹಾಕಬೇಡಿ. ಅದರಿಂದ ಜಿಂಕೆ ಓಡುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆಯಿಲ್ಲ.

ಹಾಕಿಸಿದ ಮೇಲೆ

ಮೊದಲ ಕೆಲವು ನೂರು ಮೈಲಿ ಓಡಿದ ಮೇಲೆ ಟಾರ್ಕ್ ವ್ರೆಂಚ್‌ನಿಂದ ಎಲ್ಲ ಬೋಲ್ಟ್ ಬಿಗಿ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ರಾಡಾರ್ ದೋಷದ ದೀಪ ಬಂದಿದೆಯೇ ಗಮನಿಸಿ. ಗಾರ್ಡ್ ಇದೆಯೆಂದು ವೇಗ ಹೆಚ್ಚಿಸಬೇಡಿ. ಜಿಂಕೆ ಕಂಡರೆ ಸ್ಟೀರಿಂಗ್ ತಿರುಗಿಸದೆ ನೇರವಾಗಿ ಬ್ರೇಕ್ ಒತ್ತಿ. ಲೋಡ್ ಲಾರಿ ಗಕ್ಕನೆ ತಿರುಗಿದರೆ ಮಗುಚುತ್ತದೆ. ಒಂದು ದಾಟಿತೆಂದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿಯಿರಿ.

ಗುದ್ದಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೂಲಂಟ್ ಸೋರಿಕೆ, ಏರ್ ಪೈಪ್, ಟೈರ್ ನೋಡಿ. ಗಾಯಗೊಂಡ ಪ್ರಾಣಿಯ ಹತ್ತಿರ ಹೋಗದೆ ಪೊಲೀಸರಿಗೆ ಕರೆ ಮಾಡಿ. ಗಾರ್ಡ್ ಹೊರಗಿನಿಂದ ಸರಿಯಾಗಿಯೇ ಕಂಡರೂ ಬ್ರಾಕೆಟ್ ಮತ್ತು ಮಡಚುವ ಪಿನ್ ಬಿಚ್ಚಿಸಿ ನೋಡಿಸಿ. ಬಾಗಿದ್ದರೆ ಹೊಸದನ್ನೇ ಹಾಕಿಸಿ, ಬಡಿದು ನೇರ ಮಾಡಿದ ಬ್ರಾಕೆಟ್ ಎರಡನೇ ಪೆಟ್ಟಿಗೆ ನಿಲ್ಲುವುದಿಲ್ಲ.